ಅರಸನ ನೈವೇದ್ಯವೂ ಭಕ್ತನ ದಾಸೋಹವೂ

ದೇವರಿಗೆ ಏನನ್ನಾದರೂ ಅರ್ಪಿಸಬೇಕೆಂಬ ಭಾವನೆಯು ಮಾನವ ಸಮಾಜದಷ್ಟೇ ಪುರಾತನವಾದುದು. ಮಳೆ ಬಂದು ಬೆಳೆ ಕೈಗೂಡಿದಾಗ ಮೊದಲ ತೆನೆಯನ್ನು ದೇವರ ಮುಂದಿರಿಸಿ ಕೈಮುಗಿಯದ ಜನಾಂಗವು ಅಪರೂಪ. ಈ ಅರ್ಪಣೆಯ ವಿಷಯದಲ್ಲಿ, ಏನನ್ನು ಅರ್ಪಿಸಬೇಕು, ಯಾವ ಕಾಲದಲ್ಲಿ ಅರ್ಪಿಸಬೇಕು, ಯಾವ ವಿಧಿಯಿಂದ ಅರ್ಪಿಸಬೇಕು ಎಂದು ಶಾಸ್ತ್ರಜ್ಞರು ಬಹಳವಾಗಿ ವಿಚಾರಿಸಿದ್ದಾರೆ. ಆದರೆ ಇವೆಲ್ಲಕ್ಕಿಂತ ಮೊದಲು ಕೇಳತಕ್ಕ ಪ್ರಶ್ನೆ ಒಂದಿದೆ: ಅರ್ಪಿಸುವವನು ಯಾರು? ಆ ಪ್ರಶ್ನೆಗೆ ಒಂದು ಸಮಾಜವು ಕೊಡುವ ಉತ್ತರದಲ್ಲಿ ಅದರ ಧರ್ಮ ಮಾತ್ರವಲ್ಲ, ಅದರ ರಾಜ್ಯಾಧಿಕಾರವೂ ಅಡಗಿರುತ್ತದೆ.

ಶಿರಾ ತಾಲ್ಲೂಕಿನ ಗೌಡಗೆರೆ ಹೋಬಳಿಯಂತಹ ಬಯಲುಸೀಮೆಯನ್ನು ನೋಡಿರಿ. ಮುಗಿಲನ್ನು ನಂಬಿ ರಾಗಿಯನ್ನೂ ಕಡಲೆಕಾಯಿಯನ್ನೂ ಬೆಳೆಯುವ ನೆಲವದು. ಅಲ್ಲಿಯ ಲಿಂಗವಂತರ ಮನೆಯಲ್ಲಿ ಗೃಹಿಣಿಯು ಮಿಂದು, ವಿಭೂತಿಯನ್ನು ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಪೂಜಿಸುತ್ತಾಳೆ. ತಾನು ಬೇಯಿಸಿದ ಮುದ್ದೆಯನ್ನು ಮೊದಲು ಲಿಂಗಕ್ಕೆ ಅರ್ಪಿಸಿ ಅನಂತರ ಪ್ರಸಾದವೆಂದು ಸ್ವೀಕರಿಸುತ್ತಾಳೆ. ಆಕೆಗೂ ಆಕೆಯ ದೇವರಿಗೂ ನಡುವೆ ಅರ್ಚಕನಿಲ್ಲ, ಅರಸನಿಲ್ಲ. ಅಜ್ಜಿಯ ಕಾಲದಿಂದಲೂ ನಡೆದುಬಂದ ಈ ಆಚರಣೆಯು ನಮಗೆ ಎಷ್ಟು ರೂಢಿಯಾಗಿದೆಯೆಂದರೆ ಅದರ ಹಿರಿಮೆಯೇ ನಮಗೆ ಮರೆತುಹೋಗಿದೆ. ಅದನ್ನು ಅರಿಯಬೇಕಾದರೆ ಇದಕ್ಕೆ ವಿರುದ್ಧವಾದ ಒಂದು ವ್ಯವಸ್ಥೆಯನ್ನು ನೋಡುವುದು ಉಪಯುಕ್ತ. ಅಂತಹ ವ್ಯವಸ್ಥೆಯು ಅತ್ಯಂತ ಪೂರ್ಣರೂಪದಲ್ಲಿ ಬೆಳೆದು ನಿಂತ ದೇಶಗಳಲ್ಲಿ ನೈಲ್ ನದಿಯ ದಡದ ಪ್ರಾಚೀನ ಈಜಿಪ್ತು ಮುಖ್ಯವಾದುದು.

ಈಜಿಪ್ತಿನ ಜನರು ತಮ್ಮ ಅರಸನನ್ನು ಸೂರ್ಯದೇವನಾದ ರಾ ಎಂಬವನ ಮಗನೆಂದು ನಂಬಿದ್ದರು. ದೇವರುಗಳಿಗೆ ಅರ್ಪಿಸುವ ಅಧಿಕಾರವು ತತ್ತ್ವತಃ ಅವನೊಬ್ಬನದೇ ಆಗಿತ್ತು. ಅಲ್ಲಿಯ ದೊಡ್ಡ ದೇವಾಲಯಗಳ ಗೋಡೆಗಳನ್ನು ನೋಡಿದರೆ ಈ ವಿಷಯವು ಸ್ಪಷ್ಟವಾಗುತ್ತದೆ. ಪ್ರತಿದಿನವೂ ಗರ್ಭಗೃಹದ ಬಾಗಿಲನ್ನು ತೆರೆದು, ಮೂರ್ತಿಗೆ ವಸ್ತ್ರವನ್ನುಡಿಸಿ, ಅನ್ನಪಾನಗಳನ್ನು ಇರಿಸುತ್ತಿದ್ದವರು ಅರ್ಚಕರು. ಆದರೆ ಆ ಗೋಡೆಗಳ ಮೇಲೆ ಅರ್ಪಣೆ ಮಾಡುತ್ತಿರುವವನಾಗಿ ಕೆತ್ತಲ್ಪಟ್ಟಿರುವವನು ಅರಸನು. ಅರ್ಚಕನು ಅವನ ಪ್ರತಿನಿಧಿ ಮಾತ್ರ. ಸಾಮಾನ್ಯ ಜನರಿಗೆ ಮನೆದೇವರುಗಳೂ ಹರಕೆಗಳೂ ಇದ್ದವು. ಆದರೆ ಮಹಾಲಯಗಳ ಒಳಮನೆಗೆ ಅವರಿಗೆ ಪ್ರವೇಶವಿರಲಿಲ್ಲ. ಸಾಮಾನ್ಯನ ಗೋರಿಯಲ್ಲಿ ಸತ್ತವನಿಗಾಗಿ ಬರೆಸುತ್ತಿದ್ದ ಅನ್ನಪಾನಗಳ ಪ್ರಾರ್ಥನೆಯು ಸಹ ‘ಅರಸನು ಕೊಡುವ ಕಾಣಿಕೆ’ ಎಂಬ ಅರ್ಥದ ಮಾತಿನಿಂದಲೇ ಆರಂಭವಾಗುತ್ತಿತ್ತು. ಮಗನು ತನ್ನ ತಂದೆಗೆ ಇಡುವ ಎಡೆಯೂ ಹೆಸರಿಗೆ ಅರಸನದಾಗಬೇಕಾಗಿತ್ತು.

ಈ ಅರ್ಪಣೆಗಳಲ್ಲಿ ಶ್ರೇಷ್ಠವೆಂದು ಎಣಿಸಲ್ಪಟ್ಟಿದ್ದುದು ಅನ್ನವಲ್ಲ, ಬಂಗಾರವಲ್ಲ, ‘ಮಅತ್’ ಎಂಬುದು. ಸತ್ಯ, ನ್ಯಾಯ, ಲೋಕದ ಸುವ್ಯವಸ್ಥೆ ಇವೆಲ್ಲವೂ ಆ ಒಂದು ಮಾತಿನಲ್ಲಿ ಅಡಕವಾಗಿವೆ. ನಮ್ಮಲ್ಲಿ ಅದನ್ನು ಋತವೆಂದೋ ಧರ್ಮವೆಂದೋ ಕರೆಯಬಹುದು. ಕುಳಿತಿರುವ ಮಅತ್ ದೇವಿಯ ಪುಟ್ಟ ಮೂರ್ತಿಯೊಂದನ್ನು ಅರಸನು ಅಂಗೈಯಲ್ಲಿ ಹಿಡಿದು ದೇವರ ಮುಂದೆ ನೀಡುತ್ತಿರುವ ಚಿತ್ರವು ಅಲ್ಲಿಯ ಗೋಡೆಗಳಲ್ಲಿ ಮತ್ತೆ ಮತ್ತೆ ಕಾಣಬರುತ್ತದೆ. ಲೋಕದ ಧರ್ಮವನ್ನು ಕಾಪಾಡಿ ದೇವರಿಗೆ ಒಪ್ಪಿಸುವವನು ನಾನು ಎಂಬುದು ಅದರ ಭಾವ. ಭಾವವು ಉದಾತ್ತವಾದುದೇ. ಆದರೆ ನ್ಯಾಯವು ಒಬ್ಬನ ಅಂಗೈಯಲ್ಲಿದೆಯೆಂದು ಒಪ್ಪಿದ ಬಳಿಕ, ಆ ಅಂಗೈಯು ಅನ್ಯಾಯ ಮಾಡಿದರೆ ಕೇಳುವವರಾರು?

ಈ ಪ್ರಶ್ನೆಗೆ ಅಲ್ಲಿಯ ಇತಿಹಾಸವೇ ಉತ್ತರ ಕೊಟ್ಟಿದೆ. ಕ್ರಿ.ಪೂ. 12ನೆಯ ಶತಮಾನದಲ್ಲಿ ಮೂರನೆಯ ರಾಮೆಸೆಸ್ ಎಂಬ ಅರಸನು 31 ವರ್ಷ ಆಳಿದನು. ಅವನು ದೇವಾಲಯಗಳಿಗೆ ಕೊಟ್ಟ ಭೂಮಿ, ಜನ, ಪಶು, ಧಾನ್ಯ, ಬಂಗಾರಗಳ ಪಟ್ಟಿಯು ಸುಮಾರು 41 ಮೀಟರು ಉದ್ದದ ಒಂದು ಸುರುಳಿಯಲ್ಲಿ ಬರೆಯಲ್ಪಟ್ಟು ಈಗಲೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಆ ದಾನದ ಸಿಂಹಪಾಲು ಥೀಬ್ಸ್ ನಗರದ ಆಮನ್ ದೇವನದು. ಅದೇ ಅರಸನ ಆಳಿಕೆಯ 29ನೆಯ ವರ್ಷದಲ್ಲಿ, ಅದೇ ಥೀಬ್ಸಿನ ಎದುರು ದಡದಲ್ಲಿ, ಅರಸನ ಗೋರಿಗಳನ್ನು ಕೊರೆಯುತ್ತಿದ್ದ ಕೆಲಸಗಾರರಿಗೆ ಸಲ್ಲಬೇಕಾದ ಕಾಳು ಬರಲಿಲ್ಲ. ತಿಂಗಳಿನಲ್ಲಿ 18 ದಿನ ಕಳೆದರೂ ಕೂಲಿಯ ಧಾನ್ಯ ಕಾಣದೆ, ಹಸಿದ ಆ ಜನರು ಕೆಲಸವನ್ನು ಬಿಟ್ಟು ಬಂದು ಒಂದು ದೇವಾಲಯದ ಹಿಂಬದಿಯಲ್ಲಿ ಕುಳಿತರು. ಲೋಕದ ಇತಿಹಾಸದಲ್ಲಿ ಬರಹದಲ್ಲಿ ಉಳಿದಿರುವ ಅತಿ ಪ್ರಾಚೀನವಾದ ಮುಷ್ಕರಗಳಲ್ಲಿ ಇದು ಒಂದು. ದೇವರ ಕಣಜಕ್ಕೆ ಕೊಟ್ಟುದರ ಲೆಕ್ಕವು ಒಂದು ಸುರುಳಿಯಲ್ಲಿ, ಹಸಿದವರ ಮೊರೆಯು ಇನ್ನೊಂದು ಸುರುಳಿಯಲ್ಲಿ, ಎರಡೂ ಇಂದಿಗೂ ಉಳಿದಿವೆ!

ಮುಂದೆ ನೂರು ವರ್ಷ ಕಳೆಯುವುದರೊಳಗಾಗಿ ಇನ್ನೊಂದು ವಿಪರೀತವು ಸಂಭವಿಸಿತು. ಅರಸರು ತಮ್ಮ ಅಧಿಕಾರದ ಪ್ರತಿಷ್ಠೆಗಾಗಿ ಕೊಡುತ್ತ ಬಂದ ಸಂಪತ್ತಿನಿಂದ ಆಮನ್ ದೇವನ ಗುಡಿಯು ರಾಜ್ಯದೊಳಗೊಂದು ರಾಜ್ಯವಾಗಿ ಬೆಳೆದು, ಹೆರಿಹೋರ್ ಎಂಬ ಪ್ರಧಾನ ಅರ್ಚಕನು ಕಾರ್ನಾಕಿನ ಗುಡಿಯ ಗೋಡೆಯಲ್ಲಿ ಅರಸನ ಬಿರುದುಗಳನ್ನೇ ಧರಿಸಿ ನಿಂತನು. ದಾನವು ಅರಸನನ್ನು ಬೆಳೆಸಿತ್ತು. ಅದೇ ದಾನವು ಅವನ ಪ್ರತಿಸ್ಪರ್ಧಿಯನ್ನೂ ಬೆಳೆಸಿತು. ಕೊಡುವವನು ‘ನಾನು’ ಎಂದು ಕೊಟ್ಟರೆ, ತೆಗೆದುಕೊಳ್ಳುವವನೂ ‘ನಾನು’ ಎಂದೇ ತೆಗೆದುಕೊಳ್ಳುವನು.

ಇದು ಎಲ್ಲಿಯೋ ದೂರದೇಶದ ಕಥೆ, ನಮಗೇನು ಎಂದು ವಾಚಕರು ಭಾವಿಸಬಾರದು. ನಮ್ಮ ಕನ್ನಡ ನಾಡಿನಲ್ಲಿಯೂ ಅರಸುತನವು ಗುಡಿಯ ನೈವೇದ್ಯದೊಡನೆ ಹೆಣೆದುಕೊಂಡೇ ಬೆಳೆಯಿತು. ವಿಜಯನಗರದ ಅರಸರು ಬಹುಕಾಲದವರೆಗೆ ತಮ್ಮ ದಾನಶಾಸನಗಳಿಗೆ ತಮ್ಮ ಸ್ವಂತ ಹೆಸರನ್ನು ಅಂಕಿತವಾಗಿ ಹಾಕದೆ ‘ಶ್ರೀ ವಿರೂಪಾಕ್ಷ’ ಎಂದೇ ಕನ್ನಡ ಅಕ್ಷರಗಳಲ್ಲಿ ಹಾಕುತ್ತಿದ್ದರು. ರಾಜ್ಯವು ಪಂಪಾಪತಿಯದು, ತಾವು ಅವನ ಪ್ರತಿನಿಧಿಗಳು ಎಂಬುದು ಇದರ ತಾತ್ಪರ್ಯ. ಮೇಲ್ನೋಟಕ್ಕೆ ಇದು ವಿನಯ. ಆದರೆ ದೇವರ ಅಂಕಿತವಿರುವ ಆಜ್ಞೆಯನ್ನು ಮೀರುವ ಧೈರ್ಯ ಯಾರಿಗುಂಟು? ಕೃಷ್ಣದೇವರಾಯನು ಪಟ್ಟಕ್ಕೆ ಬಂದ ಸಂದರ್ಭದ, 1510ರ, ಹಂಪೆಯ ಶಾಸನವು ಪ್ರಸಿದ್ಧವಾದುದು. ವಿರೂಪಾಕ್ಷನ ಅಮೃತಪಡಿ ನೈವೇದ್ಯಕ್ಕಾಗಿ ಸಿಂಗನಾಯಕನಹಳ್ಳಿಯನ್ನು ಬಿಟ್ಟುದನ್ನೂ, ಗುಡಿಯ ಮುಂದೆ ರಂಗಮಂಟಪವನ್ನು ಕಟ್ಟಿಸಿದುದನ್ನೂ, ನವರತ್ನಖಚಿತವಾದ ಚಿನ್ನದ ಕಮಲವನ್ನು ಅರ್ಪಿಸಿದುದನ್ನೂ ಅದು ಹೇಳುತ್ತದೆ. ಪಟ್ಟಾಭಿಷೇಕವೂ ನೈವೇದ್ಯವೂ ಒಂದೇ ಕಲ್ಲಿನಲ್ಲಿವೆ. ಅದೇ ಅರಸನು ತಿರುಮಲೆಗೆ ಏಳು ಸಲ ಹೋಗಿ ಅಪಾರವಾದ ಕಾಣಿಕೆಗಳನ್ನು ಸಲ್ಲಿಸಿದನು. ಇಬ್ಬರು ರಾಣಿಯರೊಡನೆ ಕೈಮುಗಿದು ನಿಂತ ಅವನ ಲೋಹಪ್ರತಿಮೆಗಳು ಇಂದಿಗೂ ಅಲ್ಲಿವೆ.

ತಿರುಮಲೆಯ ಶಾಸನಗಳಿಂದ ಇನ್ನೊಂದು ಪದ್ಧತಿಯು ತಿಳಿದುಬರುತ್ತದೆ. ದಾನಿಯು ಏರ್ಪಡಿಸಿದ ನೈವೇದ್ಯದಲ್ಲಿ ದೇವರಿಗೆ ತೋರಿಸಿದ ಬಳಿಕ ನಾಲ್ಕನೆಯ ಒಂದು ಪಾಲು ಪ್ರಸಾದವು ದಾನಿಗೇ ಸಲ್ಲುತ್ತಿತ್ತು. ಅವನು ಆ ಪಾಲನ್ನು ತನಗೆ ಬೇಕಾದವರಿಗೆ ವಹಿಸಿಕೊಡಬಹುದಾಗಿತ್ತು. ಈಜಿಪ್ತಿನಲ್ಲಿಯೂ ದೇವರ ಮುಂದಿರಿಸಿದ ಅನ್ನವು ಅನಂತರ ಅರ್ಚಕರಿಗೂ ಗುಡಿಯ ಸೇವಕರಿಗೂ ಅವರವರ ಅಂತಸ್ತಿಗೆ ತಕ್ಕಂತೆ ಹಂಚಲ್ಪಡುತ್ತಿತ್ತು. ಪ್ರಸಾದವೆಂಬುದು ಹೀಗೆ ಹಕ್ಕಾಗಿ, ಪಾಲಾಗಿ, ಮರ್ಯಾದೆಯ ಅಳತೆಯಾಗಿ ಪರಿಣಮಿಸಿತು. ಸಾಮ್ರಾಟರ ಮಾತು ಹಾಗಿರಲಿ. ಸಣ್ಣ ಅರಸರೂ ತಮ್ಮ ತಮ್ಮ ಮಟ್ಟದಲ್ಲಿ ಈ ದಾರಿಯನ್ನೇ ಹಿಡಿದವರು. ಪಾವಗಡ ತಾಲ್ಲೂಕಿನ ನಿಡುಗಲ್ಲು ಬೆಟ್ಟದಲ್ಲಿದ್ದು ಆಳಿದ ಚೋಳ ಮನೆತನದವರು ದೂರದ ಒರೆಯೂರಿನ ಒಡೆಯರೆಂಬ ಬಿರುದನ್ನು ಹೊತ್ತು ದಾನಶಾಸನಗಳನ್ನು ಹಾಕಿಸಿದರು. ಮಧುಗಿರಿಯ ಏಕಶಿಲೆಯ ಕೋಟೆಯ ಕೆಳಗೆ ವೆಂಕಟರಮಣ ಮತ್ತು ಮಲ್ಲೇಶ್ವರ ದೇವಾಲಯಗಳು ಜೊತೆಜೊತೆಯಾಗಿ ನಿಂತಿವೆ. ಕೋಟೆ ಇದ್ದಲ್ಲಿ ಗುಡಿ. ಗುಡಿಯ ಬಾಗಿಲಲ್ಲಿ ಅರಸನ ಹೆಸರು.

ಇದರಿಂದ ಅರಸರ ದಾನವೆಲ್ಲವೂ ಕಪಟವೆಂದು ಹೇಳುವುದು ಅನ್ಯಾಯವಾದೀತು. ಅವರು ಕೆರೆಗಳನ್ನು ಕಟ್ಟಿಸಿದರು, ಸತ್ರಗಳನ್ನು ಇಡಿಸಿದರು, ಶಿಲ್ಪಿಗಳಿಗೂ ವಿದ್ವಾಂಸರಿಗೂ ಆಶ್ರಯ ಕೊಟ್ಟರು. ಎಷ್ಟೋ ಅರಸರ ಭಕ್ತಿಯು ನಿಜವಾದುದೇ ಆಗಿದ್ದಿರಬೇಕು. ಇಲ್ಲಿಯ ವಿಚಾರವು ಅರಸನ ಮನಸ್ಸಿನದಲ್ಲ, ಅರ್ಪಣೆಯ ಸ್ವರೂಪದ್ದು. ಸಿಂಗನಾಯಕನಹಳ್ಳಿಯ ಹೊಲದಲ್ಲಿ ಬೆವರು ಸುರಿಸಿದವನು ಒಕ್ಕಲಿಗ; ಆ ಬೆಳೆಯನ್ನು ದೇವರಿಗೆ ಕೊಟ್ಟವನೆಂದು ಹೆಸರಾದವನು ಅರಸ. ದುಡಿದ ಕೈಗೂ ಅರ್ಪಿಸಿದ ಕೈಗೂ ಬಿದ್ದ ಈ ಅಂತರವೇ ಅರಸುತನದ ಬುಡವಾಗಿದೆ.

ಹನ್ನೆರಡನೆಯ ಶತಮಾನದ ಶಿವಶರಣರು ಕೊಡಲಿಯನ್ನಿಟ್ಟದ್ದು ಈ ಬುಡಕ್ಕೆ. ಅವರು ಅರ್ಪಣೆಯನ್ನು ಬೇಡವೆನ್ನಲಿಲ್ಲ. ಅವರಷ್ಟು ಅರ್ಪಣೆಯನ್ನು ಕುರಿತು ಚಿಂತಿಸಿದವರು ವಿರಳ. ಅಷ್ಟಾವರಣಗಳಲ್ಲಿ ಪ್ರಸಾದವು ಒಂದು. ಷಟ್‌ಸ್ಥಲಗಳಲ್ಲಿ ಭಕ್ತ, ಮಹೇಶಗಳ ಬಳಿಕ ಬರುವುದು ಪ್ರಸಾದಿಸ್ಥಲ. ಶರಣರು ಮಾಡಿದುದೇನೆಂದರೆ, ಈಜಿಪ್ತಿನ ಗೋಡೆಯಲ್ಲಿ ಅರಸನೊಬ್ಬನ ಅಂಗೈಯಲ್ಲಿದ್ದುದನ್ನು ಎಲ್ಲರ ಅಂಗೈಗೂ ತಂದರು. ಇಷ್ಟಲಿಂಗವು ಗುರುವಿನಿಂದ ಕರಸ್ಥಲಕ್ಕೆ ಬಂದ ಬಳಿಕ ಮಡಿವಾಳನೂ, ಅಂಬಿಗನೂ, ಸಮಗಾರನೂ, ಹೆಣ್ಣೂ ಗಂಡೂ ತಾವೇ ಅರ್ಪಿಸುವವರಾದರು. ಅರಸನ ಹೆಸರಿನಲ್ಲಿ ಪ್ರತಿನಿಧಿಯು ಪೂಜಿಸುವ ಪದ್ಧತಿಗೆ ಇಲ್ಲಿ ಎಡೆಯಿಲ್ಲ. ಒಬ್ಬನ ಹಸಿವೆಗೆ ಇನ್ನೊಬ್ಬನು ಉಣ್ಣಲಾಗದಂತೆ, ಒಬ್ಬನ ಪೂಜೆಯನ್ನು ಇನ್ನೊಬ್ಬನು ಮಾಡಲಾಗದೆಂಬುದು ಅವರ ನಿಲುವು. ಸಿರಿವಂತರು ಕಟ್ಟಿಸುವ ಶಿವಾಲಯಕ್ಕೆ ಪ್ರತಿಯಾಗಿ ಬಡವನಾದ ತನ್ನ ಶರೀರವನ್ನೇ ಗುಡಿಯೆಂದು ಅರ್ಪಿಸಿಕೊಂಡ ಬಸವಣ್ಣನವರ ವಚನವನ್ನು ಅರಿಯದ ಕನ್ನಡಿಗರಿಲ್ಲ. ಅದನ್ನು ಬಡವನ ಸಮಾಧಾನದ ಮಾತೆಂದು ಓದುವವರಿದ್ದಾರೆ. ವಸ್ತುತಃ ಅದು ಅರಸನ ಏಕಸ್ವಾಮ್ಯಕ್ಕೆ ಕೊಟ್ಟ ಉತ್ತರ.

ಇಲ್ಲಿಗೆ ಅರ್ಧ ಕೆಲಸ ಮಾತ್ರ ಆದಂತಾಯಿತು. ಏಕೆಂದರೆ ಎಲ್ಲರೂ ಅರ್ಪಿಸುವವರಾದಾಗ ಎಲ್ಲರೂ ಪುಟ್ಟ ಪುಟ್ಟ ಅರಸರಾಗುವ ಅಪಾಯವುಂಟು. ಆದುದರಿಂದ ಶರಣರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ದಾನವನ್ನು ಬಿಟ್ಟು ದಾಸೋಹವನ್ನು ಹಿಡಿದರು. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನು ದಾಸ. ಕೊಳ್ಳುವ ಜಂಗಮನು ಒಡೆಯ. ಪಡೆದುದನ್ನು ಪಡೆದವನಿಗೇ ಹಿಂದಿರುಗಿಸುವೆನೆಂಬ ಭಾವವಿರುವಲ್ಲಿ ‘ನಾನು ಕೊಟ್ಟೆ’ ಎಂಬ ಮಾತಿಗೆ ಸ್ಥಳವೆಲ್ಲಿ? ತನುವನ್ನು ಗುರುವಿಗೂ ಮನವನ್ನು ಲಿಂಗಕ್ಕೂ ಧನವನ್ನು ಜಂಗಮಕ್ಕೂ ಒಪ್ಪಿಸಿದ ಮೇಲೆ ಕೊಡುವವನೆಂಬ ಹೆಸರನ್ನು ಹೊರಲು ಉಳಿಯುವವರಾರು?

ಈ ತತ್ತ್ವವು ಎಷ್ಟು ಕಠಿಣವಾದುದೆಂಬುದನ್ನು ಶರಣರ ಚರಿತ್ರೆಗಳು ತೋರಿಸುತ್ತವೆ. ಆಯ್ದಕ್ಕಿ ಮಾರಯ್ಯನವರು ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹವನ್ನು ನಡೆಸುತ್ತಿದ್ದರು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಸತಿಯಾದ ಲಕ್ಕಮ್ಮನು ಸಂತೋಷಪಡಲಿಲ್ಲ. ಹೆಚ್ಚಾದುದನ್ನು ಒಯ್ದು ಅಲ್ಲಿಯೇ ಸುರಿದು ಬರಬೇಕೆಂದು ಹಿಂದಕ್ಕೆ ಕಳುಹಿಸಿದಳು. ತಂದುದು ತಮ್ಮ ಭೋಗಕ್ಕಲ್ಲವಲ್ಲ, ದಾಸೋಹಕ್ಕಲ್ಲವೇ ಎಂದು ನಮ್ಮಂಥವರು ವಾದಿಸುತ್ತಿದ್ದೆವು. ಅಗತ್ಯಕ್ಕೆ ಮೀರಿ ಕೂಡಿಸುವ ಆಸೆಯು ಭಕ್ತನಿಗೆ ಸಲ್ಲದು, ಅದು ಅರಸರಿಗೆ ತಕ್ಕುದು ಎಂಬುದು ಆ ತಾಯಿಯ ನಿಲುವು. ದೇವರ ಹೆಸರಿನಲ್ಲಿ ಬೆಳೆಯುವ ಆಸೆಯು ಕೂಡ ಆಸೆಯೇ ಎಂದು ಕಂಡವಳು ಅವಳು.

ಮೋಳಿಗೆಯ ಮಾರಯ್ಯನವರ ಚರಿತ್ರೆಯು ಇದಕ್ಕಿಂತಲೂ ಮರ್ಮಸ್ಪರ್ಶಿಯಾದುದು. ಅವರು ಕಾಶ್ಮೀರದ ಅರಸರಾಗಿದ್ದು, ಸಿಂಹಾಸನವನ್ನು ತೊರೆದು, ಸತಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆಯನ್ನು ಮಾರಿ ಜಂಗಮರಿಗೆ ಅಂಬಲಿಯನ್ನು ನೀಡುತ್ತಿದ್ದರೆಂದು ಪರಂಪರೆಯು ಹೇಳುತ್ತದೆ. ಅವರ ಬಡತನಕ್ಕೆ ಮರುಗಿದ ಬಸವಣ್ಣನವರು ಗುಟ್ಟಾಗಿ ಹೊನ್ನಿನ ಗಂಟನ್ನು ಅವರ ಮನೆಯಲ್ಲಿರಿಸಿ ಬಂದರು. ಮಾರಯ್ಯನವರು ತಮ್ಮ ಕಾಯಕದಿಂದ ಬಾರದ ಆ ಹೊನ್ನನ್ನು ತಮ್ಮದೆಂದು ಒಪ್ಪಲಿಲ್ಲ. ತಮ್ಮ ತಪ್ಪನ್ನು ಅರಿತ ಬಸವಣ್ಣನವರು ಕ್ಷಮೆ ಬೇಡಿದರು. ಕೊಡುವವನಾಗಿದ್ದ ಅರಸನು ಹೊರೆ ಹೊತ್ತನು. ಭಂಡಾರಿಯ ಕರುಣೆಯ ಕೊಡುಗೆಯೂ ತಿರಸ್ಕೃತವಾಯಿತು. ಭಕ್ತಿಭಂಡಾರಿಯೆಂದು ನಾವು ಪೂಜಿಸುವ ಅಣ್ಣನವರನ್ನೇ ತಿದ್ದುವ ಈ ಕಥೆಯನ್ನು ನಮ್ಮ ಹಿರಿಯರು ಮುಚ್ಚಿಡದೆ ಕಾಪಾಡಿಕೊಂಡು ಬಂದಿರುವುದು ನಮ್ಮ ಭಾಗ್ಯ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ವೀರಶೈವರಲ್ಲಿಯೂ ಅರಸರಿರಲಿಲ್ಲವೇ? ನಮ್ಮ ಮಠಗಳೂ ರಾಜದತ್ತವಾದ ಭೂಮಿಯನ್ನು ಉಂಡಿಲ್ಲವೇ? ಈ ಮಾತು ನಿಜ. ಪ್ರೌಢದೇವರಾಯನ ಆಶ್ರಯದಲ್ಲಿ ಲಕ್ಕಣ್ಣ ದಂಡೇಶ, ಚಾಮರಸ ಮೊದಲಾದವರು ಬೆಳೆದರು. 1499ರಿಂದ 1763ರವರೆಗೆ ಆಳಿದ ಕೆಳದಿಯ ನಾಯಕರು ಸ್ವತಃ ವೀರಶೈವರಾಗಿದ್ದು ಅನೇಕ ಮಠಗಳಿಗೆ ಉಂಬಳಿಗಳನ್ನು ಬಿಟ್ಟರು. ಆ ಆಶ್ರಯವಿಲ್ಲದಿದ್ದರೆ ಎಷ್ಟೋ ಓಲೆಗ್ರಂಥಗಳು ಗೆದ್ದಲಿಗೆ ತುತ್ತಾಗುತ್ತಿದ್ದವು. ಈ ಉಪಕಾರವನ್ನು ಮರೆಯಲಾಗದು. ಆದರೆ ಅದರ ಬೆಲೆಯನ್ನೂ ನಾವು ತೆತ್ತಿದ್ದೇವೆ. ಛತ್ರಚಾಮರಗಳೂ, ಪಲ್ಲಕ್ಕಿಯೂ, ಬಿರುದಾವಳಿಯೂ ಅರಮನೆಯ ವಸ್ತುಗಳು. ಅವು ದಾನದ ಬೆನ್ನು ಹಿಡಿದೇ ಧರ್ಮಪೀಠಗಳ ಅಂಗಳಕ್ಕೆ ಬಂದವು.

ಸೂರ್ಯಚಂದ್ರರಿರುವವರೆಗೆ ನಡೆಯತಕ್ಕದ್ದೆಂದು ಕಲ್ಲಿನಲ್ಲಿ ಕೊರೆಸಿದ ಆ ದತ್ತಿಗಳ ಗತಿ ಏನಾಯಿತು? 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾರ್ಥ ಇನಾಂ ರದ್ದತಿ ಕಾಯಿದೆಯು ಅಂತಹ ಇನಾಮುಗಳನ್ನು ಕೊನೆಗಾಣಿಸಿತು. ಅರಸರೂ ಹೋದರು, ಅರಸರು ಕೊಟ್ಟುದೂ ಹೋಯಿತು. ಆದರೆ ದಾಸೋಹವು ನಿಂತಿತೇ? ತುಮಕೂರಿನ ಸಿದ್ಧಗಂಗೆಯನ್ನು ನೋಡಿದವರು ಇದಕ್ಕೆ ಉತ್ತರ ಬಲ್ಲರು. 1941ರಿಂದ 2019ರಲ್ಲಿ ಲಿಂಗೈಕ್ಯರಾಗುವವರೆಗೆ ಆ ಮಠದ ಹೊಣೆಯನ್ನು ಹೊತ್ತಿದ್ದ ಪರಮಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳವರು ಹಳ್ಳಿಹಳ್ಳಿಯ ಒಕ್ಕಲುಮಕ್ಕಳು ನೀಡಿದ ರಾಗಿ, ಅಕ್ಕಿ, ಬೇಳೆ, ತೆಂಗಿನಕಾಯಿಗಳಿಂದ ಜಾತಿಮತಗಳ ಭೇದವಿಲ್ಲದೆ ಸಾವಿರಾರು ಬಡಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. ಆ ರಾಗಿಯ ಮೂಟೆಗಳ ಮೇಲೆ ಯಾವ ಶಾಸನವೂ ಇರಲಿಲ್ಲ. ಯಾವ ಕಾಳು ಶಿರಾದ ಕಡೆಯದು, ಯಾವುದು ಕೊರಟಗೆರೆಯ ಕಡೆಯದು ಎಂದು ಪ್ರಸಾದವನ್ನು ಉಂಡ ಮಗು ಅರಿಯದು, ಅರಿಯಬೇಕಾಗಿಯೂ ಇಲ್ಲ. ಕಲ್ಲಿನ ಮೇಲಿನ ಹೆಸರು ಕಾಯದುದನ್ನು ಹೆಸರಿಲ್ಲದ ಕೈಗಳು ಕಾಯ್ದವು.

ಇನ್ನು ನಮ್ಮ ನಮ್ಮ ಮನೆಯ ಮಾತಿಗೆ ಬರೋಣ. ಅರಸರು ಹೋದರೂ ಅರಸುತನವು ಹೋಗಲಿಲ್ಲ. ಅದು ಗೃಹಸ್ಥನ ಎದೆಯಲ್ಲಿ ಬಂದು ಕುಳಿತಿದೆ. ಊರಿನ ಗುಡಿಯ ಜೀರ್ಣೋದ್ಧಾರಕ್ಕೆ ಹತ್ತು ಸಾವಿರ ರೂಪಾಯಿ ಕೊಟ್ಟವನು ತನ್ನ ಹೆಸರು ಕಲ್ಲಿನಲ್ಲಿ ಎಷ್ಟನೆಯ ಸಾಲಿನಲ್ಲಿ ಬಂದಿತೆಂದು ಬಗ್ಗಿ ನೋಡುತ್ತಾನೆ. ಜಾತ್ರೆಯಲ್ಲಿ ಮೊದಲ ಕಾಯಿ ಯಾರ ಮನೆಯದು, ಮೊದಲ ಹಾರ ಯಾರಿಗೆ ಎಂಬ ವಿವಾದದಲ್ಲಿ ಅಣ್ಣತಮ್ಮಂದಿರ ಮನೆಗಳು ಒಡೆದ ನಿದರ್ಶನಗಳನ್ನು ನಾವೆಲ್ಲರೂ ಬಲ್ಲೆವು. ಮಂಟಪಕ್ಕೆ ಧಾರಾಳವಾಗಿ ಬರೆದುಕೊಟ್ಟವನು ತನ್ನ ಹೊಲದಲ್ಲಿ ಕಳೆ ಕಿತ್ತವಳ ಕೂಲಿಯನ್ನು ನಾಳೆ ನಾಡಿದ್ದು ಎಂದು ಮುಂದೂಡಿದರೆ, ಅವನಿಗೂ ಆ ರಾಮೆಸೆಸನಿಗೂ ಏನು ವ್ಯತ್ಯಾಸ? ಪಟ್ಟಿಯ ಉದ್ದ ಮಾತ್ರ ಬೇರೆ.

ಹೆಸರು ಬರೆಸುವುದೆಲ್ಲವೂ ಪಾಪವೆಂದು ನಾವು ಹೇಳುತ್ತಿಲ್ಲ. ಕೊಟ್ಟುದರ ಲೆಕ್ಕವು ಸ್ಪಷ್ಟವಾಗಿರಬೇಕು. ಸಾರ್ವಜನಿಕ ದ್ರವ್ಯವು ಗುಟ್ಟಿನಲ್ಲಿರಬಾರದು. ಒಬ್ಬರು ಕೊಟ್ಟುದನ್ನು ಕಂಡು ಇನ್ನೊಬ್ಬರಿಗೆ ಕೊಡುವ ಮನಸ್ಸಾಗುವುದೂ ಉಂಟು. ಆದರೆ ಲೆಕ್ಕದ ಪುಸ್ತಕ ಬೇರೆ, ಕೀರ್ತಿಯ ಕಲ್ಲು ಬೇರೆ. ಕೊಡುವ ಮುನ್ನ ಗೃಹಸ್ಥನು ತನ್ನನ್ನು ತಾನೇ ಕೇಳಿಕೊಳ್ಳತಕ್ಕ ಮಾತು ಇಷ್ಟೇ: ಇದು ನನ್ನ ಸತ್ಯಶುದ್ಧ ಕಾಯಕದಿಂದ ಬಂದುದೇ? ಇದನ್ನು ಕೊಡುವುದರಿಂದ ನನ್ನಿಂದ ಸಲ್ಲಬೇಕಾದ ಯಾರ ಅನ್ನಕ್ಕಾದರೂ ಕೊರತೆಯಾಗುವುದೇ? ನನ್ನ ಹೆಸರು ಎಲ್ಲಿಯೂ ಬಾರದಿದ್ದರೂ ಇಷ್ಟನ್ನೇ ಕೊಡುತ್ತಿದ್ದೆನೇ? ಕೊನೆಯ ಪ್ರಶ್ನೆಗೆ ಮನಸ್ಸು ಹಿಂಜರಿದರೆ, ಹಿಂಜರಿದಷ್ಟು ಭಾಗವು ದೇವರಿಗೆ ಸಲ್ಲಲಿಲ್ಲ, ನಮ್ಮೊಳಗಿನ ಅರಸನಿಗೆ ಸಂದಿತೆಂದು ತಿಳಿಯಬೇಕು.

ಗೌಡಗೆರೆಯ ಕಡೆಯ ಆ ತಾಯಿಯು ಲಿಂಗಕ್ಕೆ ಮುದ್ದೆಯನ್ನು ಅರ್ಪಿಸುವಾಗ ಅದನ್ನು ನೋಡುವವರಿಲ್ಲ, ಬರೆದಿಡುವವರಿಲ್ಲ. ರಾಗಿಯನ್ನು ಬಿತ್ತಿ, ಕೊಯ್ದು, ಬೀಸಿ, ಬೇಯಿಸಿದ ಕೈಯೇ ಅದನ್ನು ಅರ್ಪಿಸುತ್ತಿದೆ. ದುಡಿದ ಕೈಗೂ ಅರ್ಪಿಸಿದ ಕೈಗೂ ಅಲ್ಲಿ ಅಂತರವಿಲ್ಲ. ಅಂತರವಿಲ್ಲದ ಆ ಅಂಗೈಯ ಮೇಲೆಯೇ ಶರಣರು ಲಿಂಗವನ್ನಿರಿಸಿದರು. ಭಕ್ತಬಾಂಧವರು ತಮಗೆ ದೊರೆತಿರುವ ಈ ಅಧಿಕಾರವನ್ನು ಅರಿತು, ಕೊಡುವಾಗ ದಾಸರಾಗಿ, ಕೊಳ್ಳುವಾಗ ಪ್ರಸಾದಿಗಳಾಗಿ ಬಾಳಲೆಂದು ಹಾರೈಸುತ್ತೇವೆ.